ಸಾಗರೋಲ್ಲಂಘನದ ಗಣಿತ

1927ನೆಯ ಇಸವಿಯ ಮೇ 20ರಂದು ನ್ಯೂಯಾರ್ಕಿನ ಸಮೀಪದ ರೂಸ್‌ವೆಲ್ಟ್ ಫೀಲ್ಡಿನಿಂದ ಏಕಾಕಿಯಾಗಿ ಹೊರಟು, ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿ, ಸುಮಾರು 33½ ಗಂಟೆಗಳ ತರುವಾಯ ಪ್ಯಾರಿಸಿನಲ್ಲಿಳಿದ ಚಾರ್ಲ್ಸ್ ಲಿಂಡ್‌ಬರ್ಗನ ಧೈರ್ಯವನ್ನು ಲೋಕವೆಲ್ಲ ಕೊಂಡಾಡಿತು. ಆದರೆ ಸ್ಯಾನ್ ಡಿಯೇಗೋ ನಗರದಲ್ಲಿ ವಿಮಾನವಿನ್ನೂ ನಿರ್ಮಾಣವಾಗುತ್ತಿದ್ದಾಗಲೇ ಅವನು ನಕಾಶೆಗಳ ಮುಂದೆ ಕುಳಿತು ನಡೆಸಿದ ಗಣಿತವು ನನಗೆ ಆ ಧೈರ್ಯಕ್ಕಿಂತಲೂ ಅದ್ಭುತವಾಗಿ ತೋರುತ್ತದೆ.

ಗೋಳದ ಮೇಲಣ ಎರಡು ಸ್ಥಳಗಳ ನಡುವಿನ ಅತ್ಯಂತ ಹ್ರಸ್ವಮಾರ್ಗವು, ಆ ಗೋಳದ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ಮಹಾವೃತ್ತದ ಒಂದು ಕಂಸ. ನಾವಿಕರು ಬಳಸುವ ಮರ್ಕೇಟರ್ ನಕಾಶೆಯಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸಿನವರೆಗಿನ ಕಂಸವು ಉತ್ತರಕ್ಕೆ ಬಾಗಿದ ಬಿಲ್ಲಿನಾಕಾರವಾಗಿ ಕಾಣುವುದರಿಂದ, ಈಶಾನ್ಯಕ್ಕೆ ಮುಖಮಾಡಿ ಹೊರಟ ವೈಮಾನಿಕನು ಎಲ್ಲಿಯೂ ದಾರಿ ತಪ್ಪದೆಯೇ ಕಡೆಗೆ ಆಗ್ನೇಯಕ್ಕೆ ಹಾರುತ್ತಿರಬೇಕಾಗುತ್ತದೆ. ಲಿಂಡ್‌ಬರ್ಗನು ಈ ಕಂಸವನ್ನು ನೂರು ನೂರು ಮೈಲಿಯ ಸರಳರೇಖೆಗಳಾಗಿ ಖಂಡಿಸಿ, ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಆಯಾ ಪ್ರದೇಶದಲ್ಲಿ ಎಷ್ಟು ಓಸರಿಸುತ್ತದೆಂಬುದನ್ನು ಕೂಡಿಸಿ ಕಳೆದು, ಸುಮಾರು ಗಂಟೆಗೊಮ್ಮೆ ಹಿಡಿಯತಕ್ಕ ದಿಕ್ಕನ್ನು ಮುಂಚಿತವಾಗಿಯೇ ಬರೆದಿಟ್ಟುಕೊಂಡನು. 3,000 ಕಿಲೋಮೀಟರು ದೂರದಲ್ಲಿ ಒಂದೇ ಒಂದು ಡಿಗ್ರಿಯ ದೋಷವು 50 ಕಿಲೋಮೀಟರಿಗೂ ಮಿಕ್ಕ ಅಂತರವಾಗಿ ಬೆಳೆಯುತ್ತದೆ.

ಆದರೂ ಎಲ್ಲಕ್ಕಿಂತ ಕಠಿನವಾದದ್ದು ಭಾರದ ಪ್ರಶ್ನೆ. ಸುಮಾರು 5,800 ಕಿಲೋಮೀಟರು ದೂರಕ್ಕೆಂದು ತುಂಬಿದ 1,700 ಲೀಟರು ಪೆಟ್ರೋಲು, ಹೊರಡುವಾಗ ವಿಮಾನದ ಒಟ್ಟು ತೂಕದಲ್ಲಿ ಅರ್ಧಕ್ಕಿಂತಲೂ ಹೆಚ್ಚಾಗಿತ್ತು. ಎಂದರೆ, ಎಂಜಿನು ಮೊದಲ ಗಂಟೆಗಳಲ್ಲಿ ತನ್ನ ಬಲದ ಬಹುಭಾಗವನ್ನು ಮುಂದಿನ ಗಂಟೆಗಳ ಆಹಾರವನ್ನು ಹೊರುವುದಕ್ಕಾಗಿಯೇ ವ್ಯಯಮಾಡುತ್ತಿತ್ತು. ಆದಕಾರಣ ರೇಡಿಯೋ ಬೇಡ, ಪ್ಯಾರಾಚೂಟು ಬೇಡ, ಎಂಜಿನು ಒಂದೇ ಸಾಕು. ನಕಾಶೆಗಳ ಅನಾವಶ್ಯಕವಾದ ಅಂಚುಗಳನ್ನು ಸಹ ಅವನು ಕತ್ತರಿಸಿ ಬಿಸುಟನು. ಅಪಘಾತವಾದರೆ ಎಂಜಿನಿಗೂ ಪೆಟ್ರೋಲಿಗೂ ನಡುವೆ ತಾನು ಸಿಕ್ಕಿ ನುಚ್ಚುನೂರಾಗಬಾರದೆಂದು ದೊಡ್ಡ ಟ್ಯಾಂಕನ್ನು ತನ್ನ ಮುಂದೆಯೇ ಇರಿಸಿಕೊಂಡನು. ಅದಕ್ಕಾಗಿ ಎದುರಿನ ದೃಶ್ಯವನ್ನೇ ಬಿಟ್ಟುಕೊಟ್ಟು, ಪಕ್ಕದ ಕಿಟಕಿಗಳಿಂದಲೂ ಒಂದು ಪುಟ್ಟ ಪೆರಿಸ್ಕೋಪಿನಿಂದಲೂ ತೃಪ್ತನಾದನು. ಪೂರ್ಣಭಾರದೊಡನೆ ಆ ವಿಮಾನ ಅದುವರೆಗೆ ನೆಲ ಬಿಟ್ಟೆದ್ದೇ ಇರಲಿಲ್ಲ. ಸ್ವಲ್ಪಸ್ವಲ್ಪವಾಗಿ ಹೊರೆಯೇರಿಸುತ್ತ ಓಟದ ದೂರವನ್ನು ಅಳೆದು, ಟಯರುಗಳು ಒಡೆದಾವೆಂಬ ಭಯದಿಂದ ನಡುವೆಯೇ ನಿಲ್ಲಿಸಿ, ಉಳಿದುದನ್ನು ಲೆಕ್ಕದಿಂದ ನಿರ್ಣಯಿಸಿದ್ದರು. ಮಳೆಯಿಂದ ಮೆತ್ತಗಾಗಿದ್ದ ನೆಲದಿಂದ ಆ ದಿನ ಮೇಲೆದ್ದ ವಿಮಾನ, ಮೈದಾನದ ತುದಿಯ ಟೆಲಿಫೋನು ತಂತಿಗಳನ್ನು ಕೆಲವೇ ಅಡಿಗಳ ಅಂತರದಲ್ಲಿ ದಾಟಿತು.

ಗಾಳಿಯನ್ನು ಮಾತ್ರ ಮುಂಗಡವಾಗಿ ಬರೆದಿಡಲು ಬರುವುದಿಲ್ಲ. ಹೊಳೆಯ ಸೆಳವಿನಲ್ಲಿ ಎದುರು ದಡದ ಘಟ್ಟಕ್ಕಿಂತ ಮೇಲಕ್ಕೆ ಗುರಿಯಿಟ್ಟು ದೋಣಿ ನಡೆಸುವ ಅಂಬಿಗನಂತೆ, ಗಂಟೆಗೆ 150 ಕಿಲೋಮೀಟರು ವೇಗದ ವಿಮಾನವು 30 ಕಿಲೋಮೀಟರು ವೇಗದ ಅಡ್ಡಗಾಳಿಗೆ ಎದುರಾಗಿ ಸುಮಾರು 11 ಡಿಗ್ರಿ ಮೂಗು ತಿರುಗಿಸಿ ಹಾರಬೇಕು. ಗುರುತುಗಳೇ ಇಲ್ಲದ ಸಮುದ್ರದಲ್ಲಿ ಅವನು ಅಲೆಗಳ ನೊರೆಯನ್ನು ನೋಡಿ ಗಾಳಿಯ ದಿಕ್ಕನ್ನು ಅಂದಾಜು ಮಾಡಿದನು. ಹೀಗಿದ್ದೂ ಐರ್ಲೆಂಡಿನ ಕರಾವಳಿಯನ್ನು ತಾನು ಗೆರೆಯೆಳೆದಿದ್ದ ಸ್ಥಳಕ್ಕೆ ಕೆಲವೇ ಮೈಲಿಗಳ ಅಂತರದಲ್ಲಿ, ಡಿಂಗಲ್ ಕೊಲ್ಲಿಯ ಬಳಿ, ಸೇರಿದನು. ಪ್ಯಾರಿಸಿನಲ್ಲಿಳಿದಾಗ ಟ್ಯಾಂಕುಗಳಲ್ಲಿ ಸುಮಾರು 320 ಲೀಟರು ಪೆಟ್ರೋಲು ಉಳಿದಿತ್ತು. ಇನ್ನೂ 1,000 ಕಿಲೋಮೀಟರಿಗೂ ಮೀರಿ ಹಾರಲು ಅಷ್ಟು ಸಾಕಾಗಿತ್ತು.