ಹಿಮದ ದಾರಿಯಲ್ಲಿ ಉಗಿಬಂಡಿ

ಡಿಸೆಂಬರ್ 21, 2009. ಇಂಗ್ಲೆಂಡಿನ ಆಗ್ನೇಯ ಭಾಗದಲ್ಲೆಲ್ಲ ಹಿಮ. ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಜನ ರೈಲಿಗಾಗಿ ಕಾಯುತ್ತಿದ್ದರು. ಕೆಂಟ್ ಪ್ರಾಂತ್ಯದ ಕಡೆಗೆ ಹೋಗಬೇಕಾದ ವಿದ್ಯುತ್ ರೈಲುಗಳಲ್ಲಿ ಹಲವು ಚಳಿಗೆ ಕೈಕೊಟ್ಟಿದ್ದವು. ಅದೇ ನಿಲ್ದಾಣದಲ್ಲಿ ರಜೆಯ ಪ್ರವಾಸಿಗರಿಗಾಗಿ ಬಂದಿದ್ದ ಒಂದು ಉಗಿಬಂಡಿ ಹೊಗೆಯಾಡುತ್ತಾ ನಿಂತಿತ್ತು. ಅದರ ಇಂಜಿನ್ನಿನ ಹೆಸರು 'ಟೊರ್ನಾಡೊ'. ಬೋಗಿಗಳಲ್ಲಿ ಖಾಲಿ ಸೀಟುಗಳಿದ್ದವು. ದಾರಿ ಕಾಣದೆ ನಿಂತಿದ್ದವರಲ್ಲಿ ಸುಮಾರು ನೂರು ಮಂದಿಯನ್ನು ಹಣ ಪಡೆಯದೆ ಹತ್ತಿಸಿಕೊಂಡು ಆ ಬಂಡಿ ಅವರವರ ಊರಿನ ಕಡೆಗೆ ಹೊರಟಿತು.

ಮರುದಿನ ಪತ್ರಿಕೆಗಳಿಗೆ ಇದೊಂದು ರುಚಿಕರ ಸುದ್ದಿಯಾಯಿತು. ಹೊಸ ಯಂತ್ರ ಸೋತಿತು, ಹಳೆಯ ಯಂತ್ರ ಗೆದ್ದಿತು ಎಂದು ಜನ ಆಡಿಕೊಂಡರು. ಆದರೆ ಟೊರ್ನಾಡೊ ವಾಸ್ತವದಲ್ಲಿ ಹಳೆಯದಲ್ಲ. 1948 ಮತ್ತು 1949ರಲ್ಲಿ ತಯಾರಾದ ಅದರ ಮಾದರಿಯ 49 ಇಂಜಿನ್‌ಗಳೂ ಗುಜರಿಗೆ ಹೋಗಿದ್ದವು. ಬ್ರಿಟಿಷ್ ರೈಲ್ವೆಯಲ್ಲಿ 1968ರಲ್ಲಿ ಉಗಿಬಂಡಿಗಳ ಕಾಲವೇ ಮುಗಿದಿತ್ತು. ಹೀಗಿರುವಾಗ 1990ರಲ್ಲಿ ಕೆಲವರು ಸೇರಿ ಟ್ರಸ್ಟ್ ಕಟ್ಟಿ, ಹಳೆಯ ನಕ್ಷೆಗಳನ್ನು ಹುಡುಕಿ, ಅದೇ ಮಾದರಿಯಲ್ಲಿ ಹೊಸದೊಂದನ್ನು ಕಟ್ಟಲು ಹೊರಟರು. ವಾರಕ್ಕೆ ಒಂದೂಕಾಲು ಪೌಂಡ್ ಕೊಡಿ ಸಾಕು ಎಂದು ಜನಸಾಮಾನ್ಯರನ್ನು ಕೇಳಿದರು. ಹನಿ ಹನಿ ಕೂಡಿ ಸುಮಾರು 30 ಲಕ್ಷ ಪೌಂಡ್ ಆಯಿತು. ಹದಿನೆಂಟು ವರ್ಷಗಳ ದುಡಿಮೆಯ ನಂತರ 2008ರಲ್ಲಿ ಇಂಜಿನ್ ಹಳಿಯ ಮೇಲೆ ಚಲಿಸಿತು. ಅಂದು ಸಂಜೆ ನೂರು ಮಂದಿ ಮನೆ ಸೇರಿದ್ದರ ಹಿಂದೆ ಇಷ್ಟೊಂದು ಜನರ ಸಣ್ಣ ಸಣ್ಣ ಕಾಣಿಕೆಗಳಿದ್ದವು.

ಹಾಗಾದರೆ ಹಿಮದಲ್ಲಿ ವಿದ್ಯುತ್ ರೈಲು ಏಕೆ ನಿಲ್ಲುತ್ತದೆ? ಉಗಿಬಂಡಿ ಹೇಗೆ ಓಡುತ್ತದೆ? ಹಿಮ ಸುರಿಯುವ ದಿನಗಳಲ್ಲೇ ಸಾವಿರಾರು ಪ್ರವಾಸಿಗರನ್ನು ಹೊತ್ತು ಬೆಟ್ಟ ಹತ್ತುವ ಬಂಡಿಗಳನ್ನು ನಡೆಸುವವರ ಶ್ರಮವಾದರೂ ಎಂಥದ್ದು?

ವಿದ್ಯುತ್ ಸೋತದ್ದು ಹೇಗೆ?

ನಮ್ಮ ಕಡೆ ವಿದ್ಯುತ್ ರೈಲಿಗೆ ಮೇಲಿನ ತಂತಿಯಿಂದ ವಿದ್ಯುತ್ ಸಿಗುತ್ತದೆ. ಇಂಗ್ಲೆಂಡಿನ ದಕ್ಷಿಣ ಭಾಗದ ಬಹುತೇಕ ಮಾರ್ಗಗಳಲ್ಲಿ ಹಾಗಲ್ಲ. ಎರಡು ಹಳಿಗಳ ಪಕ್ಕದಲ್ಲಿ ನೆಲಮಟ್ಟದಲ್ಲೇ ಮೂರನೆಯ ಹಳಿಯೊಂದಿದೆ. ಅದರಲ್ಲಿ ವಿದ್ಯುತ್ ಹರಿಯುತ್ತದೆ. ರೈಲಿನ ಕೆಳಗಿನ ಲೋಹದ ತುಂಡೊಂದು ಅದನ್ನು ಸವರುತ್ತಾ ವಿದ್ಯುತ್ ಪಡೆಯುತ್ತದೆ. ಆ ಹಳಿಯ ಮೇಲೆ ಮಂಜುಗಡ್ಡೆಯ ತೆಳು ಪದರ ಕಟ್ಟಿದರೆ ಸಾಕು, ಸಂಪರ್ಕ ಕಡಿದು ರೈಲು ನಿಲ್ಲುತ್ತದೆ.

ಅದಕ್ಕೂ ಮೂರು ದಿನ ಮೊದಲು, ಡಿಸೆಂಬರ್ 18ರ ರಾತ್ರಿ ಇನ್ನೂ ದೊಡ್ಡ ಪ್ರಮಾದ ನಡೆದಿತ್ತು. ಫ್ರಾನ್ಸ್ ಮತ್ತು ಇಂಗ್ಲೆಂಡಿನ ನಡುವೆ ಸಮುದ್ರದಡಿಯ ಸುರಂಗದಲ್ಲಿ ಓಡುವ ಯೂರೋಸ್ಟಾರ್‌ನ ಐದು ರೈಲುಗಳು ಸುರಂಗದೊಳಗೆ ಕೆಟ್ಟು ನಿಂತವು. ಹಿಟ್ಟಿನಂಥ ನುಣುಪು ಹಿಮ ಇಂಜಿನ್ನಿನೊಳಗೆ ಸೇರಿತ್ತು. ಸುರಂಗದ ಬಿಸಿಗೆ ಅದು ಕರಗಿ ನೀರಾಗಿ ವಿದ್ಯುತ್ ಉಪಕರಣಗಳನ್ನು ಕೆಡಿಸಿತು. ಎರಡು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಸಿಕ್ಕಿಬಿದ್ದರು. ಮಕ್ಕಳು, ವೃದ್ಧರು ರಾತ್ರಿಯಿಡೀ ಪರದಾಡಿದರು. ನಂತರ ನಡೆದ ವಿಚಾರಣೆಯ ವರದಿಯು ಯಂತ್ರದ ದೋಷವನ್ನು ಮಾತ್ರ ಹೇಳಲಿಲ್ಲ. ಇಂಥ ಸಂದರ್ಭಕ್ಕೆ ಸರಿಯಾದ ಯೋಜನೆಯೇ ಇರಲಿಲ್ಲ, ಪ್ರಯಾಣಿಕರಿಗೆ ಸರಿಯಾದ ಮಾಹಿತಿ, ಆರೈಕೆ ಸಿಗಲಿಲ್ಲ ಎಂದೂ ಹೇಳಿತು. ಈ ಮಾತನ್ನು ನಾವು ನೆನಪಿಟ್ಟುಕೊಳ್ಳೋಣ. ಹಿಮ ಬಿದ್ದಾಗ ಪರೀಕ್ಷೆಗೆ ಒಳಗಾಗುವುದು ಯಂತ್ರವೊಂದೇ ಅಲ್ಲ.

ಉಗಿ ಇಂಜಿನ್ ತನ್ನ ಬೆಂಕಿಯನ್ನೂ ನೀರನ್ನೂ ತಾನೇ ಹೊತ್ತು ಸಾಗುತ್ತದೆ. ಹೊರಗಿನ ವಿದ್ಯುತ್ತಿನ ಹಂಗು ಅದಕ್ಕಿಲ್ಲ. ಹಿಮ ಹೊಕ್ಕರೆ ಕೆಡುವ ಸೂಕ್ಷ್ಮ ಉಪಕರಣಗಳೂ ಕಡಿಮೆ. ಬಂಡಿ ಎಳೆಯುವ ಬಾಯ್ಲರಿನ ಉಗಿಯನ್ನೇ ಕೊಳವೆಗಳ ಮೂಲಕ ಬೋಗಿಗಳಿಗೆ ಹರಿಸಿ ಪ್ರಯಾಣಿಕರನ್ನು ಬೆಚ್ಚಗಿಡಬಹುದು. ಹಿಮದ ದಿನ ಇದು ದೊಡ್ಡ ಅನುಕೂಲ.

ಉಗಿಬಂಡಿಯೂ ಸೋತದ್ದುಂಟು

ಹಾಗೆಂದು ಉಗಿಬಂಡಿಗೆ ಹಿಮದ ಭಯವಿಲ್ಲ ಎಂದುಕೊಳ್ಳಬಾರದು. 1955ರ ಫೆಬ್ರವರಿಯಲ್ಲಿ ಉತ್ತರ ಇಂಗ್ಲೆಂಡಿನ ಬ್ಲೀತ್ ಗಿಲ್ ಎಂಬಲ್ಲಿ 78018 ಸಂಖ್ಯೆಯ ಉಗಿ ಇಂಜಿನ್ ಗೂಡ್ಸ್ ಬಂಡಿಯೊಂದಿಗೆ ಹಿಮದ ರಾಶಿಯಲ್ಲಿ ಹೂತುಹೋಯಿತು. ಕೆಲಸಗಾರರು ಸಲಿಕೆ ಹಿಡಿದು ದಿನಗಟ್ಟಲೆ ಅಗೆದರು. ಹಿಮ ತೆಗೆದ ಮೇಲೂ ಚಕ್ರ ತಿರುಗಲಿಲ್ಲ. ಚಕ್ರಕ್ಕೂ ಅದನ್ನು ತಿರುಗಿಸುವ ದಂಡಗಳಿಗೂ ಮಂಜುಗಡ್ಡೆ ಅಂಟಿಕೊಂಡಿತ್ತು. ಎಣ್ಣೆಯಲ್ಲಿ ಅದ್ದಿದ ಬಟ್ಟೆ ಹೊತ್ತಿಸಿ ಅದನ್ನು ಕರಗಿಸಬೇಕಾಯಿತು. ಈ ರಕ್ಷಣಾ ಕಾರ್ಯದ ಬಗ್ಗೆ ಅದೇ ವರ್ಷ ಒಂದು ಸಾಕ್ಷ್ಯಚಿತ್ರವೂ ತಯಾರಾಯಿತು.

ಆ ಇಂಜಿನ್ ಗುಜರಿಗೆ ಹೋಗದೆ ಉಳಿಯಿತು. ಆಸಕ್ತರು ವರ್ಷಗಟ್ಟಲೆ ದುರಸ್ತಿ ಮಾಡಿದರು. 2016ರಲ್ಲಿ ಅದು ಮಧ್ಯ ಇಂಗ್ಲೆಂಡಿನ ಗ್ರೇಟ್ ಸೆಂಟ್ರಲ್ ಪಾರಂಪರಿಕ ರೈಲುಮಾರ್ಗದಲ್ಲಿ ಮತ್ತೆ ಓಡಿತು. ಅಂದು ಹಿಮದಲ್ಲಿ ಹೂತ ಇಂಜಿನ್ ಮುಂದೆ ರಜೆಯ ಮಕ್ಕಳನ್ನು ಹೊತ್ತು ತಿರುಗಿತು.

ಬ್ರೋಕನ್ ಬೆಟ್ಟದ ರೈಲು

ಇಂಗ್ಲೆಂಡಿನಲ್ಲಿ ದೊಡ್ಡ ಹಿಮಪಾತ ಅಪರೂಪ. ಹಿಮವೇ ನಿತ್ಯದ ಸಂಗಾತಿಯಾಗಿರುವ ಉಗಿಬಂಡಿಯನ್ನು ನೋಡಬೇಕಾದರೆ ಜರ್ಮನಿಗೆ ಹೋಗಬೇಕು. ಅಲ್ಲಿಯ ಹಾರ್ಜ್ ಪರ್ವತ ಪ್ರದೇಶದಲ್ಲಿ ಬ್ರೋಕನ್ ಎಂಬ ಬೆಟ್ಟವಿದೆ. ಎತ್ತರ 1141 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಎಷ್ಟೋ ಗಿಡ್ಡ. ಆದರೆ ಹವಾಮಾನ ಮಾತ್ರ ಭಯಂಕರ. ವರ್ಷದಲ್ಲಿ ಸುಮಾರು 300 ದಿನ ಅಲ್ಲಿ ಮಂಜು ಮುಸುಕುತ್ತದೆ. 1970ರ ಏಪ್ರಿಲ್‌ನಲ್ಲಿ 380 ಸೆಂಟಿಮೀಟರ್ ಹಿಮ ದಾಖಲಾಗಿತ್ತು. ಅಂದರೆ ಇಬ್ಬರು ಆಳು ಒಬ್ಬರ ಮೇಲೊಬ್ಬರು ನಿಂತಷ್ಟು ಎತ್ತರ! 1984ರ ನವೆಂಬರ್‌ನಲ್ಲಿ ಗಾಳಿಯ ವೇಗ ಗಂಟೆಗೆ 263 ಕಿಲೋಮೀಟರ್ ಮುಟ್ಟಿತ್ತು.

ಇಂಥ ಬೆಟ್ಟದ ನೆತ್ತಿಗೆ 1899ರಿಂದ ರೈಲುಹಳಿ ಇದೆ. ವೆರ್ನಿಗೆರೋಡ ಎಂಬ ಹಳೆಯ ಪಟ್ಟಣದಿಂದ ಹೊರಡುವ ಬಂಡಿ ಕಾಡಿನ ನಡುವೆ ಏರುತ್ತಾ, ಡ್ರೈ ಆನೆನ್ ಹೋನೆ ಎಂಬ ಜಂಕ್ಷನ್ನಿನಲ್ಲಿ ನೀರು ತುಂಬಿಸಿಕೊಂಡು, ಶೀರ್ಕೆ ಎಂಬ ಕೊನೆಯ ಊರನ್ನು ದಾಟಿ, ಬೆಟ್ಟದ ತುದಿಗೆ ಒಂದೂವರೆ ಸುತ್ತು ಹಾಕಿ 1125 ಮೀಟರ್ ಎತ್ತರದ ನಿಲ್ದಾಣ ಸೇರುತ್ತದೆ. ಇದು ಮೀಟರ್ ಗೇಜ್ ಮಾರ್ಗ. ಹಿಂದೆ ಹಾಸನದಿಂದ ಮಂಗಳೂರಿಗೆ ಘಟ್ಟ ಇಳಿಯುತ್ತಿದ್ದ ರೈಲಿನಲ್ಲಿ ಕುಳಿತವರಿಗೆ ಆ ಪುಟ್ಟ ಬೋಗಿಗಳ ನೆನಪಿರಬಹುದು. ಅದೇ ಅಗಲದ ಹಳಿ. ನಮ್ಮ ಸಕಲೇಶಪುರದ ಘಟ್ಟದಲ್ಲಿ 50 ಮೀಟರ್ ಸಾಗಿದರೆ ಒಂದು ಮೀಟರ್ ಏರು. ಅಲ್ಲಿ ಕೆಲವು ಕಡೆ 30 ಮೀಟರಿಗೇ ಒಂದು ಮೀಟರ್ ಏರು. ಹೆಚ್ಚಿನ ಬಂಡಿಗಳನ್ನು ಎಳೆಯುವುದು 1954ರಿಂದ 1956ರ ನಡುವೆ ತಯಾರಾದ, 700 ಅಶ್ವಶಕ್ತಿಯ ಇಂಜಿನ್‌ಗಳು. ಅವುಗಳಿಗೆ ಎಳೆಯುವ ಚಕ್ರಗಳೇ ಹತ್ತು. ಇಂಜಿನ್ನಿನ ಭಾರ ಹತ್ತು ಚಕ್ರಗಳ ಮೇಲೆ ಹಂಚಿ ಕುಳಿತಿರುವುದರಿಂದ ಜಾರುವ ಹಳಿಯಲ್ಲೂ ಹಿಡಿತ ಸಿಗುತ್ತದೆ.

ಈ ರೈಲಿಗೆ ಇನ್ನೊಂದು ಕಥೆಯೂ ಇದೆ. ಜರ್ಮನಿ ಎರಡು ದೇಶಗಳಾಗಿ ಒಡೆದಿದ್ದಾಗ ಬ್ರೋಕನ್ ಬೆಟ್ಟ ಗಡಿಯ ಅಂಚಿನಲ್ಲೇ ಇತ್ತು. 1961ರ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದ ಮೇಲೆ ಬೆಟ್ಟ ಸೈನ್ಯದ ವಶವಾಯಿತು. ಕೆಳಗಿನ ಊರುಗಳ ಜನ ಕಣ್ಣೆದುರಿಗಿದ್ದ ತಮ್ಮದೇ ಬೆಟ್ಟವನ್ನು 28 ವರ್ಷ ಹತ್ತುವಂತಿರಲಿಲ್ಲ. 1989ರ ಡಿಸೆಂಬರ್ 3ರಂದು ಜನರು ಗುಂಪಾಗಿ ನಡೆದು ಹೋಗಿ ಬಾಗಿಲು ತೆರೆಯಿರಿ ಎಂದು ಒತ್ತಾಯಿಸಿದರು. ಬಾಗಿಲು ತೆರೆಯಿತು. 1991ರ ಸೆಪ್ಟೆಂಬರ್ 15ರಂದು ಉಗಿಬಂಡಿ ಮತ್ತೆ ತುದಿ ಮುಟ್ಟಿತು. 1993ರಿಂದ ಇದನ್ನು ನಡೆಸುತ್ತಿರುವುದು ಅಲ್ಲಿನ ಜಿಲ್ಲೆಗಳು ಮತ್ತು ಊರುಗಳೇ ಒಡೆತನ ಹೊಂದಿರುವ ಸಂಸ್ಥೆ. ಆದ್ದರಿಂದ ಬಂಡಿ ಓಡಿದರೂ ನಿಂತರೂ ಅದರ ಲಾಭ ನಷ್ಟ ಇಡೀ ಊರಿಗೆ ತಟ್ಟುತ್ತದೆ.

ಬೆಳಗಾಗುವ ಮೊದಲೇ

ಕ್ರಿಸ್ಮಸ್ ಮತ್ತು ಹೊಸವರ್ಷದ ರಜೆಯಲ್ಲಿ ಹಿಮ ನೋಡಲೆಂದೇ ಜನ ಬರುತ್ತಾರೆ. ಬಿಳಿಯ ಕಾಡಿನ ನಡುವೆ ಕಪ್ಪು ಇಂಜಿನ್ ಬಿಳಿ ಹೊಗೆ ಉಗುಳುತ್ತಾ ಸಾಗುವ ದೃಶ್ಯ ಮನಮೋಹಕ. ಆದರೆ ಆ ದೃಶ್ಯಕ್ಕಾಗಿ ಕೆಲವರು ನಡುರಾತ್ರಿಯಲ್ಲೇ ಎದ್ದಿರುತ್ತಾರೆ.

ಸೀಮೆಎಣ್ಣೆ, ಗ್ಯಾಸು ಬರುವ ಮುಂಚೆ ನಮ್ಮ ಅಜ್ಜಿಯಂದಿರು ರಾತ್ರಿ ಒಲೆಯ ಕೆಂಡವನ್ನು ಬೂದಿ ಮುಚ್ಚಿ ಕಾಪಿಡುತ್ತಿದ್ದರು. ಬೆಳಿಗ್ಗೆ ಬೂದಿ ಸರಿಸಿ ಊದಿದರೆ ಬೆಂಕಿ ಸಿದ್ಧ. ಉಗಿ ಇಂಜಿನ್ನಿನ ಶೆಡ್ಡಿನಲ್ಲೂ ಹೆಚ್ಚು ಕಡಿಮೆ ಅದೇ ಕೆಲಸ. ತಣ್ಣಗಾದ ಬಾಯ್ಲರನ್ನು ಒಮ್ಮೆಲೇ ಕಾಯಿಸಿದರೆ ಲೋಹಕ್ಕೆ ಪೆಟ್ಟು. ಆದ್ದರಿಂದ ಗಂಟೆಗಟ್ಟಲೆ ನಿಧಾನವಾಗಿ ಕಾಯಿಸಬೇಕು, ಇಲ್ಲವೇ ರಾತ್ರಿಯಿಡೀ ಬೆಂಕಿ ಆರದಂತೆ ಒಬ್ಬರು ಕಾವಲಿರಬೇಕು. ಕೊಳವೆಗಳಲ್ಲಿ ನೀರು ನಿಂತರೆ ಹೆಪ್ಪುಗಟ್ಟಿ ಕೊಳವೆಯೇ ಸೀಳುತ್ತದೆ. ಬೋಗಿಗಳ ನಡುವಿನ ಉಗಿ ಕೊಳವೆಗಳಲ್ಲೂ ನೀರು ಉಳಿಯಬಾರದು. ಚಕ್ರ ಜಾರಿದಾಗ ಹಳಿಯ ಮೇಲೆ ಉದುರಿಸುವ ಮರಳು ಒಣಗಿಯೇ ಇರಬೇಕು. ಒದ್ದೆಯಾದರೆ ಗಂಟುಕಟ್ಟಿ ಕೆಳಗೆ ಬೀಳುವುದಿಲ್ಲ.

ಇಂಜಿನ್ ಸಿದ್ಧವಾದರೆ ಸಾಲದು, ದಾರಿಯೂ ಸಿದ್ಧವಾಗಬೇಕು. ಮುಂದೆ ನೇಗಿಲಿನಂಥ ದೊಡ್ಡ ಲೋಹದ ಹಲಗೆಯಿರುವ ವಾಹನವನ್ನು ಇಂಜಿನ್ ತಳ್ಳುತ್ತಾ ಹೋಗಿ ಹಳಿಯ ಮೇಲಿನ ಹಿಮವನ್ನು ಎರಡೂ ಬದಿಗೆ ಎಸೆಯುತ್ತದೆ. ಹಳಿ ಬದಲಿಸುವ ಪಾಯಿಂಟುಗಳಲ್ಲಿ ಸಿಕ್ಕಿದ ಹಿಮ ಹೀಗೆ ಹೋಗುವುದಿಲ್ಲ. ಒಂದು ಹಿಡಿ ಮಂಜುಗಡ್ಡೆ ನಡುವೆ ಕುಳಿತರೂ ಪಾಯಿಂಟು ಪೂರ್ತಿ ಮುಚ್ಚದೆ ಬಂಡಿ ಹಳಿ ತಪ್ಪಬಹುದು. ಅದನ್ನು ಪೊರಕೆ, ಸಲಿಕೆ ಹಿಡಿದು ಮನುಷ್ಯರೇ ತೆಗೆಯಬೇಕು ಅಥವಾ ಕಾಯಿಸಿ ಕರಗಿಸಬೇಕು. ರಸ್ತೆ ಹಾಯುವ ಲೆವೆಲ್ ಕ್ರಾಸಿಂಗಿನಲ್ಲಿ ವಾಹನಗಳು ತುಳಿದು ಗಟ್ಟಿಯಾದ ಹಿಮವೂ ಅಷ್ಟೇ ಅಪಾಯಕಾರಿ.

ಚಳಿಗಾಳಿಯಲ್ಲಿ ಉಗಿ ಬೇಗ ಕರಗುವುದಿಲ್ಲ. ಇಂಜಿನ್ನಿನ ಸುತ್ತ ಮೋಡದಂತೆ ನಿಲ್ಲುತ್ತದೆ. ಡ್ರೈವರಿಗೆ ಮುಂದಿನ ಸಿಗ್ನಲ್ಲೇ ಕಾಣಿಸದಿರಬಹುದು. ಒಂದು ಕಡೆ ಬಾಯ್ಲರಿನ ಸುಡುಬಿಸಿ, ಇನ್ನೊಂದು ಕಡೆ ಮೂಗು ಕತ್ತರಿಸುವ ಚಳಿ. ಇವೆರಡರ ನಡುವೆ ನಿಂತು ಫೈರ್‌ಮನ್ ಏರುದಾರಿಯುದ್ದಕ್ಕೂ ಕಲ್ಲಿದ್ದಲು ಎಸೆಯುತ್ತಲೇ ಇರಬೇಕು. ಬೋಗಿಯೊಳಗೆ ಬೆಚ್ಚಗೆ ಕುಳಿತು ಕಿಟಕಿಯಾಚೆ ನೋಡುವ ಮಗುವಿಗೆ ಇದೊಂದೂ ತಿಳಿಯುವುದಿಲ್ಲ.

ನಮ್ಮಲ್ಲಿ ಹಿಮವಿಲ್ಲ, ಮಳೆಯಿದೆ. ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ರೈಲು ಸಂಚಾರ ವಾರಗಟ್ಟಲೆ ನಿಂತಿತ್ತು. ಮಳೆಗಾಲದ ರಾತ್ರಿಗಳಲ್ಲಿ ಲಾಟೀನು, ಟಾರ್ಚು ಹಿಡಿದು ಹಳಿ ನೋಡುತ್ತಾ ನಡೆಯುವ ಗ್ಯಾಂಗ್‌ಮನ್‌ಗಳ ಕೆಲಸವನ್ನು ಬಲ್ಲವರಿಗೆ ಬ್ರೋಕನ್ ಬೆಟ್ಟದ ಕೆಲಸಗಾರರ ಪಾಡೂ ಅರ್ಥವಾದೀತು.

ಇಂದು ಬಂಡಿ ಇಲ್ಲ ಎನ್ನುವ ಧೈರ್ಯ

ಎಲ್ಲಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. ಅದು, ಇಂದು ಬಂಡಿ ಹೊರಡುವುದಿಲ್ಲ ಎಂದು ಹೇಳುವುದು.

ಬ್ರಿಟನ್ನಿನ ಪಾರಂಪರಿಕ ರೈಲುಗಳ ಸ್ಥಿತಿಯನ್ನು ನೋಡಿ. ವೇಲ್ಸ್‌ನ ಟಾಲಿಲಿನ್ ಎಂಬ ಪುಟ್ಟ ಮಾರ್ಗವನ್ನು 1951ರಲ್ಲಿ ಸ್ವಯಂಸೇವಕರು ವಹಿಸಿಕೊಂಡಂದಿನಿಂದ ಈ ಪರಂಪರೆ ಬೆಳೆದಿದೆ. ಟಿಕೆಟ್ ಕೊಡುವವರಿಂದ ಹಿಡಿದು ಡ್ರೈವರ್‌ವರೆಗೆ ಬಹಳಷ್ಟು ಮಂದಿ ಸಂಬಳವಿಲ್ಲದೆ ದುಡಿಯುವವರು. ನಿವೃತ್ತ ಶಿಕ್ಷಕರು, ಗೃಹಿಣಿಯರು, ವಿದ್ಯಾರ್ಥಿಗಳು ಎಲ್ಲರೂ ಇದ್ದಾರೆ. ಚಳಿಗಾಲದಲ್ಲಿ ಬಹುತೇಕ ಮಾರ್ಗಗಳಿಗೆ ಬೇರೆ ವರಮಾನವಿಲ್ಲ. ಡಿಸೆಂಬರ್ ತಿಂಗಳಲ್ಲಿ ಮಕ್ಕಳಿಗಾಗಿ ಓಡಿಸುವ ರಜೆಯ ಬಂಡಿಗಳಿಂದ ಬರುವ ಹಣವೇ ಬಾಯ್ಲರ್ ದುರಸ್ತಿಗೆ, ಹಳಿ ಬದಲಾವಣೆಗೆ ಆಸರೆ. ಆ ಕೆಲವು ವಾರಾಂತ್ಯಗಳು ಕೈತಪ್ಪಿದರೆ ಇಡೀ ವರ್ಷದ ಲೆಕ್ಕ ತಲೆಕೆಳಗಾಗುತ್ತದೆ. ರಂಝಾನಿನ ಕೊನೆಯ ವಾರ ಮಳೆ ಹಿಡಿದು ಕುಳಿತರೆ ನಮ್ಮ ಪೇಟೆಯ ಬಟ್ಟೆ ವ್ಯಾಪಾರಿಯ ಸ್ಥಿತಿ ಹೇಗಿರುತ್ತದೋ ಹಾಗೆ.

2010ರ ಡಿಸೆಂಬರ್ ಅಲ್ಲಿ ನೂರು ವರ್ಷಗಳಲ್ಲೇ ಅತಿ ಚಳಿಯ ಡಿಸೆಂಬರ್ ಆಗಿತ್ತು. ಅಂಥ ದಿನಗಳಲ್ಲಿ ಇಂಜಿನ್ ಸಿದ್ಧವಾಗಿ ನಿಂತರೂ ಯೋಚಿಸಬೇಕಾದ ವಿಷಯಗಳು ಹಲವು. ಹಿಮ ತುಂಬಿದ ರಸ್ತೆಯಲ್ಲಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಕುಟುಂಬಗಳು ನಿಲ್ದಾಣಕ್ಕೆ ಬರುವುದು ಕ್ಷೇಮವೇ? ಪ್ಲಾಟ್‌ಫಾರಂನಲ್ಲಿ ವೃದ್ಧರು ಜಾರಿ ಬಿದ್ದರೆ? ನಡುಕಾಡಿನಲ್ಲಿ ಬಂಡಿ ನಿಂತರೆ ಒಳಗಿರುವ ಹಸುಳೆಗಳಿಗೆ ಬಿಸಿ ಎಷ್ಟು ಹೊತ್ತು ಸಿಗುತ್ತದೆ? ಅವರನ್ನು ಕರೆತರುವವರು ಯಾರು? ಇವುಗಳಿಗೆ ಉತ್ತರವಿಲ್ಲದಿದ್ದರೆ ಟಿಕೆಟ್ ಹಣ ಹಿಂದಿರುಗಿಸಿ ಬೆಂಕಿ ಇಳಿಸುವುದೇ ಸರಿ. ಬ್ರೋಕನ್ ಬೆಟ್ಟದಲ್ಲೂ ಬಿರುಗಾಳಿ ಎದ್ದ ದಿನ ಬಂಡಿ ತುದಿಗೆ ಹೋಗುವುದಿಲ್ಲ. ಕೆಳಗಿನ ನಿಲ್ದಾಣದಲ್ಲೇ ಪ್ರಯಾಣ ಮುಗಿಯುತ್ತದೆ. ದೂರದಿಂದ ಬಂದ ಪ್ರವಾಸಿಗರಿಗೆ ನಿರಾಶೆಯಾಗುತ್ತದೆ, ಮಕ್ಕಳು ಅಳುತ್ತಾರೆ. ಆದರೂ ಆ ನಿರ್ಧಾರ ಕೈಗೊಂಡವರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ. ಹತ್ತಿದವರೆಲ್ಲರೂ ಅವರ ಪಾಲಿಗೆ ಅಮಾನತ್ತು.

ಟೊರ್ನಾಡೊ ಅಂದು ನೂರು ಮಂದಿಯನ್ನು ಹತ್ತಿಸಿಕೊಂಡದ್ದು ಇಂಜಿನ್ನಿನ ಬಲದಿಂದ ಮಾತ್ರವಲ್ಲ. ಪ್ಲಾಟ್‌ಫಾರಂನಲ್ಲಿ ನಡುಗುತ್ತಿದ್ದವರನ್ನು ಯಾರೋ ಕಂಡರು, ಖಾಲಿ ಸೀಟುಗಳ ನೆನಪಾಯಿತು, ಬನ್ನಿ ಎಂದರು. ಸುರಂಗದಲ್ಲಿ ಸಿಕ್ಕಿಕೊಂಡವರಿಗೆ ಅಂದು ರಾತ್ರಿ ಬೇಕಾಗಿದ್ದುದೂ ಇಂಥ ಕಾಳಜಿಯೇ. ಮುಂದಿನ ರಜೆಯಲ್ಲಿ ಮಕ್ಕಳೊಂದಿಗೆ ರೈಲು ಹತ್ತುವಾಗ, ತಡವಾಯಿತೆಂದು ಗೊಣಗುವ ಮುಂಚೆ, ಆ ತಡದ ಹಿಂದೆ ಹಳಿಯ ಮೇಲೆ ಬಗ್ಗಿ ನಿಂತ ಯಾರದೋ ಕೈಗಳಿರಬಹುದು ಎಂದು ಮಕ್ಕಳಿಗೆ ಹೇಳಿಕೊಡೋಣ.