ನೇಪಲ್ಸಿನಲ್ಲಿ ಎಲ್ಲಿ ಉಣ್ಣಬೇಕು?

ಪರಸ್ಥಳಕ್ಕೆ ಹೊರಟವರಿಗೆ ನಮ್ಮ ಮನೆಯ ಹಿರಿಯರು ಹೇಳಿ ಕಳುಹಿಸುತ್ತಿದ್ದ ಮಾತು ಒಂದೇ: ‘ಮೊದಲು ಊಟಕ್ಕೆ ಒಂದು ದಾರಿ ನೋಡಿಕೊ, ಮಿಕ್ಕದ್ದು ತಾನಾಗಿ ಆಗುತ್ತದೆ.’ ಈ ಮಾತಿನ ಬೆಲೆ ನನಗೆ ತಿಳಿದದ್ದು ಇಟಲಿಯ ನೇಪಲ್ಸ್ ನಗರದಲ್ಲಿ. ಆ ಊರಿನವರು ಅದನ್ನು ನಾಪೊಲಿ ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ನಾನು ಅಲ್ಲಿ ಹನ್ನೆರಡು ದಿನ ಒಬ್ಬನೇ ಇದ್ದೆ. ಹುಟ್ಟಿನಿಂದ ಸಸ್ಯಾಹಾರಿ, ಇಟಾಲಿಯನ್ ಭಾಷೆಯಲ್ಲಿ ಬಲ್ಲದ್ದು ಹತ್ತು ಹದಿನೈದು ಶಬ್ದ ಮಾತ್ರ. ಅಂಥವನೊಬ್ಬನು ಆ ಊರಿನಲ್ಲಿ ಹೊರಗೆ ಉಂಡು ಬದುಕಿದ ಬಗೆಯನ್ನು ತಮಗೆ ತಿಳಿಸುವುದು ಈ ಭಾಷಣದ ಉದ್ದೇಶ.

ಮೊದಲ ದಿನವೇ ಮೋಸಹೋದೆನೆಂದು ಒಪ್ಪಿಕೊಂಡುಬಿಡುತ್ತೇನೆ. ಸಂಜೆ ಸಮುದ್ರತೀರದಲ್ಲಿ ಅಡ್ಡಾಡುತ್ತಿದ್ದಾಗ ಬಿಳಿಯ ಅಂಗಿ ತೊಟ್ಟ ಒಬ್ಬರು ನಗುನಗುತ್ತ ಕೈಹಿಡಿದಂತೆ ಒಳಗೆ ಕರೆದರು. ಐದು ಭಾಷೆಗಳಲ್ಲಿ ಅಚ್ಚಾದ, ಬಣ್ಣದ ಚಿತ್ರಗಳಿದ್ದ ತಿಂಡಿಪಟ್ಟಿಯನ್ನು ಮುಂದಿಟ್ಟರು. ‘ಮಾಂಸ ಬೇಡ’ ಎಂದು ಸ್ಪಷ್ಟವಾಗಿ ಹೇಳಿದರೂ ಬಂದ ತಟ್ಟೆಯಲ್ಲಿ ಹಂದಿಮಾಂಸದ ಚೂರುಗಳಿದ್ದುವು. ಅದನ್ನು ಮುಟ್ಟದೆ, ಬ್ರೆಡ್ಡನ್ನು ನೀರಿನಲ್ಲಿ ನುಂಗಿ, ಪೂರ್ತಿ ಹಣ ತೆತ್ತು ಎದ್ದುಬಂದೆ. ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಮಹಿಳೆ ಮರುದಿನ ಈ ಕಥೆಯನ್ನು ಕೇಳಿ ನಕ್ಕು, ‘ಬಾಗಿಲಲ್ಲಿ ನಿಂತು ಕರೆಯುವವರಿಗೆ ನೀವು ಮತ್ತೆ ಬರುವುದು ಬೇಕಿಲ್ಲ, ಸ್ವಾಮಿ. ಮಧ್ಯಾಹ್ನ ಒಂದು ಗಂಟೆಗೆ ಗಾರೆಯವರು, ಗುಮಾಸ್ತರು, ಅಂಗಡಿಯವರು ಎಲ್ಲಿಗೆ ನುಗ್ಗುತ್ತಾರೋ ನೋಡಿ, ಅವರ ಹಿಂದೆ ಹೋಗಿ’ ಎಂದರು. ಮುಂದಿನ ಹನ್ನೊಂದು ದಿನ ನನ್ನನ್ನು ಕಾಪಾಡಿದ್ದು ಈ ಸಲಹೆಯೇ.

ಹೊರಗೆ ಉಣ್ಣುವುದು ಆ ಊರಿನಲ್ಲಿ ಹೊಸ ಶೋಕಿಯಲ್ಲ. ನೇಪಲ್ಸಿನ ಸಮೀಪದಲ್ಲಿಯೇ, ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಅಗ್ನಿಪರ್ವತದ ಬೂದಿಯಲ್ಲಿ ಹೂತುಹೋದ ಪಾಂಪೆ ನಗರವಿದೆ. ಅಲ್ಲಿ ರಸ್ತೆಯ ಅಂಚಿಗೆ ಗಾರೆಯ ಕಟ್ಟೆ, ಕಟ್ಟೆಯೊಳಗೆ ಹುದುಗಿಸಿದ ದೊಡ್ಡ ಗುಡಾಣಗಳು ಕಾಣುತ್ತವೆ. ಇವು ಅಂದಿನ ಊಟದಂಗಡಿಗಳು. ಇಂಥ ಒಂದು ಅಂಗಡಿಯನ್ನು ಇಡಿಯಾಗಿ ಅಗೆದು ತೆಗೆದ ಸುದ್ದಿ 2020ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅದರ ಕಟ್ಟೆಯ ಮೇಲೆ ಬಾತುಕೋಳಿ, ಹುಂಜ, ನಾಯಿಗಳ ವರ್ಣಚಿತ್ರಗಳಿದ್ದುವು. ಪಾತ್ರೆಗಳಲ್ಲಿ ಮಾಂಸ, ಮೀನು, ಬಸವನಹುಳುಗಳ ಅವಶೇಷ ಸಿಕ್ಕಿತು. ಆ ಊರಿನ ಬಡವರ ಮನೆಗಳಲ್ಲಿ ಬಹುಮಟ್ಟಿಗೆ ಅಡುಗೆಮನೆಯೇ ಇರಲಿಲ್ಲ. ಹೊರಗಿನ ಊಟ ಅವರಿಗೆ ವಿಲಾಸವಾಗಿರಲಿಲ್ಲ, ಅನಿವಾರ್ಯವಾಗಿತ್ತು.

ನೇಪಲ್ಸಿನ ಬಡವರ ಪಾಡೂ ಶತಮಾನಗಳ ಕಾಲ ಹೀಗೆಯೇ ಇತ್ತು. ಬೀದಿಯ ಮಟ್ಟದಲ್ಲಿರುವ ಒಂದೇ ಕೋಣೆಯ ಮನೆಯನ್ನು ಅಲ್ಲಿ ‘ಬಾಸ್ಸೊ’ ಎನ್ನುತ್ತಾರೆ. ಗಾಳಿ ಬೆಳಕುಗಳಿಗೆ ಬಾಗಿಲೊಂದೇ ದಾರಿ. ಅಂಥ ಕೋಣೆಯಲ್ಲಿ ಎಂಟು ಹತ್ತು ಜನರ ಸಂಸಾರ. ಒಲೆ ಹೂಡುವುದೆಲ್ಲಿ? ಆದ್ದರಿಂದ ಬೀದಿಯೇ ಅಡುಗೆಮನೆಯಾಯಿತು. 1787ರಲ್ಲಿ ಅಲ್ಲಿಗೆ ಬಂದಿದ್ದ ಜರ್ಮನ್ ಕವಿ ಗಯಟೆ, ಸಂತ ಜೋಸೆಫನ ಹಬ್ಬದ ದಿನ ಮನೆಮನೆಯ ಮುಂದೆ ದೊಡ್ಡ ಬಾಣಲೆಯಿಟ್ಟು ಕರಿಯುತ್ತಿದ್ದವರನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಸುಮಾರು ನೂರು ವರ್ಷ ಕಳೆದ ಮೇಲೆ, 1884ರಲ್ಲಿ ಕಾಲರಾ ಬೇನೆ ಆ ಊರನ್ನು ಬಡಿದಾಗ, ಪತ್ರಕರ್ತೆ ಮಟಿಲ್ಡೆ ಸೆರಾವೊ ‘ನೇಪಲ್ಸಿನ ಹೊಟ್ಟೆ’ ಎಂಬರ್ಥದ ಹೆಸರಿನ ಪುಸ್ತಕವನ್ನು ಬರೆದಳು. ಒಂದು ಬಿಡಿಗಾಸಿಗೆ ಪೀಟ್ಜಾದ ಒಂದು ತುಂಡನ್ನು ಬೀದಿಯ ಮೂಲೆಯಲ್ಲಿ ಕೊಂಡು ಅದರಲ್ಲೇ ಹೊತ್ತು ಕಳೆಯುತ್ತಿದ್ದ ಜನರ ಚಿತ್ರ ಅದರಲ್ಲಿದೆ. ಇಂದು ಲೋಕವೆಲ್ಲ ಮೋಜಿಗೆ ತಿನ್ನುವ ಪೀಟ್ಜಾ ಹುಟ್ಟಿದ್ದು ಈ ಹಸಿವಿನಲ್ಲಿ. ಕೈಯಲ್ಲಿ ಬಿಡಿಗಾಸೂ ಇಲ್ಲದವರಿಗೆ ಸಾಲದ ಪದ್ಧತಿಯಿತ್ತು: ಇಂದು ತಿಂದರೆ ಎಂಟು ದಿನಕ್ಕೆ ಹಣ. 1954ರಲ್ಲಿ ವಿಟೋರಿಯೊ ಡಿ ಸಿಕಾ ತೆಗೆದ ‘ನೇಪಲ್ಸಿನ ಚಿನ್ನ’ ಎಂಬ ಚಲನಚಿತ್ರದಲ್ಲಿ ಸೋಫಿಯಾ ಲೊರೆನ್ ಕರಿದ ಪೀಟ್ಜಾವನ್ನು ಹೀಗೆ ಕಡ ಕೊಡುವ ಹೆಂಗಸಿನ ಪಾತ್ರ ವಹಿಸಿದ್ದಾಳೆ.

1889ರಲ್ಲಿ ರಾಣಿ ಮಾರ್ಗರೀಟಾಳಿಗಾಗಿ ಎಸ್ಪೊಸಿಟೊ ಎಂಬುವನು ಟೊಮೆಟೊ, ಮೊಟ್ಸರೆಲ್ಲಾ ಗಿಣ್ಣು, ತುಳಸಿಯ ಜಾತಿಯ ಬೇಸಿಲ್ ಎಲೆ ಹಾಕಿ ಪೀಟ್ಜಾ ಮಾಡಿದನೆಂದೂ ಅದಕ್ಕೇ ಅವಳ ಹೆಸರು ಬಂದಿತೆಂದೂ ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಇತಿಹಾಸಕಾರರು ಈ ಕಥೆಯನ್ನು ಸಂಶಯದಿಂದ ನೋಡುತ್ತಾರೆ. ರಾಣಿಯ ಮಾತು ಹೇಗಾದರೂ ಇರಲಿ, ಭಟ್ಟಿಯ ಬೆಂಕಿ ಮಾತ್ರ ನಿಜ. ಸೌದೆಯ ಭಟ್ಟಿಯನ್ನು 450 ಡಿಗ್ರಿ ಸೆಲ್ಸಿಯಸಿನ ಆಸುಪಾಸಿಗೆ ಕಾಯಿಸಿರುತ್ತಾರೆ. ಕೈಯಿಂದಲೇ ತಟ್ಟಿದ ಹಿಟ್ಟು ಅದರೊಳಗೆ 60ರಿಂದ 90 ಸೆಕೆಂಡುಗಳಲ್ಲಿ ಬೆಂದು, ಅಂಚು ಉಬ್ಬಿ, ಅಲ್ಲಲ್ಲಿ ಕಪ್ಪು ಚುಕ್ಕೆಗಳೊಡನೆ ಹೊರಬರುತ್ತದೆ. ಇದು ಗರಿಗರಿಯಾಗಿರುವುದಿಲ್ಲ, ನಾಲ್ಕಾಗಿ ಮಡಿಸಬಹುದಾದಷ್ಟು ಮೆತ್ತಗಿರುತ್ತದೆ. ಈ ಕೈಗಾರಿಕೆಯನ್ನು ಯುನೆಸ್ಕೊ ಸಂಸ್ಥೆ 2017ರಲ್ಲಿ ಮಾನವಕುಲದ ಸಾಂಸ್ಕೃತಿಕ ಆಸ್ತಿಗಳ ಪಟ್ಟಿಗೆ ಸೇರಿಸಿತು.

ಹಾಗಾದರೆ ಹೋಗುವುದೆಲ್ಲಿಗೆ? ಹಳೆಯ ಊರಿನ ನಡುವೆ ಗ್ರೀಕರ ಕಾಲದಿಂದಲೂ ನೆಟ್ಟಗೆ ಹಾದುಹೋಗಿರುವ ವಿಯಾ ದೆಯ್ ತ್ರಿಬುನಾಲಿ ಎಂಬ ಬೀದಿಯುದ್ದಕ್ಕೂ ಪೀಟ್ಜಾ ಅಂಗಡಿಗಳಿವೆ. ಅವುಗಳಲ್ಲಿ ದಿ ಮತ್ತೇಯೊ ಎಂಬಲ್ಲಿ 1994ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಪೀಟ್ಜಾ ತಿಂದುದನ್ನು ಬೀದಿ ಇಂದಿಗೂ ಮರೆತಿಲ್ಲ. ರೈಲು ನಿಲ್ದಾಣಕ್ಕೆ ಹತ್ತಿರದಲ್ಲಿ ದಾ ಮಿಕೇಲೆ ಎಂಬ ಅಂಗಡಿಯಿದೆ. ಆ ಮನೆತನ 1870ರಿಂದ ಈ ಕಸುಬಿನಲ್ಲಿದೆ. ಬಹುಕಾಲ ಅಲ್ಲಿ ಸಿಗುತ್ತಿದ್ದದ್ದು ಎರಡೇ ಬಗೆ, ಮಾರ್ಗರೀಟಾ ಮತ್ತು ಮರಿನಾರಾ. ಎಲಿಜಬೆತ್ ಗಿಲ್ಬರ್ಟ್ ಎಂಬ ಅಮೆರಿಕದ ಲೇಖಕಿ 2006ರ ತನ್ನ ಪುಸ್ತಕದಲ್ಲಿ ಈ ಅಂಗಡಿಯನ್ನು ಹೊಗಳಿದಳು. 2010ರಲ್ಲಿ ಅದು ಚಲನಚಿತ್ರವೂ ಆಯಿತು. ಅಂದಿನಿಂದ ಬಾಗಿಲಲ್ಲಿ ಚೀಟಿ ಪಡೆದು, ಬೀದಿಯಲ್ಲಿ ಗಂಟೆಗಟ್ಟಲೆ ಕಾಯುವವರ ಗುಂಪು ಕರಗಿಲ್ಲ. ನಾನೂ ಕಾದೆ, ತಿಂದೆ, ಪಶ್ಚಾತ್ತಾಪವಿಲ್ಲ. ಆದರೆ ನನ್ನ ಸುತ್ತಲಿದ್ದ ಮೇಜುಗಳಲ್ಲಿ ಆ ಬೀದಿಯವರು ಒಬ್ಬರೂ ಕಾಣಲಿಲ್ಲ.

ಸಸ್ಯಾಹಾರಿಗಳು ಅಲ್ಲಿ ಹೆದರಬೇಕಾದ್ದಿಲ್ಲ. ಹದಿನೇಳನೆಯ ಶತಮಾನದಲ್ಲಿ ಶ್ಯಾವಿಗೆಯಂಥ ಮ್ಯಾಕರೋನಿ ಅಗ್ಗವಾಗುವವರೆಗೆ ನೇಪಲ್ಸಿನವರಿಗೆ ‘ಸೊಪ್ಪು ತಿನ್ನುವವರು’ ಎಂಬ ಅಡ್ಡಹೆಸರಿತ್ತು. ಇಂದಿಗೂ ಫ್ರಿಯಾರಿಯೆಲ್ಲಿ ಎಂಬ ಕಹಿಸೊಪ್ಪನ್ನು ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಹುರಿದು ಬಡಿಸುತ್ತಾರೆ. ಮೆಣಸಿನಕಾಯಿಯೂ ಟೊಮೆಟೊ ಹಣ್ಣೂ ಅಮೆರಿಕ ಖಂಡದಿಂದ ಹಡಗು ಹತ್ತಿ ಅವರ ಅಡುಗೆಗೂ ನಮ್ಮ ಅಡುಗೆಗೂ ಬಂದ ಅತಿಥಿಗಳೆಂಬುದು ಆ ಸೊಪ್ಪನ್ನು ತಿನ್ನುವಾಗ ನೆನಪಾಯಿತು. ಕರಿದ ಬದನೆಕಾಯಿಯನ್ನು ಟೊಮೆಟೊ, ಗಿಣ್ಣುಗಳೊಡನೆ ಪದರಪದರವಾಗಿ ಬೇಯಿಸಿದ ಪಾರ್ಮಿಜಾನಾ, ಆಲೂಗೆಡ್ಡೆಯ ಕ್ರೊಕ್ಕೆ, ಹುರುಳಿಕಾಯಿಯ ಬೀಜದ ಜೊತೆ ಬೆಂದ ಪಾಸ್ತಾ, ಇವೆಲ್ಲ ಹೊಟ್ಟೆ ತುಂಬಿಸುವ ತಿನಿಸುಗಳು. ಮರಿನಾರಾ ಪೀಟ್ಜಾದ ಹೆಸರಿನಲ್ಲಿ ಸಮುದ್ರವಿದ್ದರೂ ಅದರ ಮೇಲಿರುವುದು ಟೊಮೆಟೊ, ಬೆಳ್ಳುಳ್ಳಿ, ಒರಿಗಾನೊ ಸೊಪ್ಪು, ಎಣ್ಣೆ ಅಷ್ಟೆ. ಮೀನೂ ಇಲ್ಲ, ಗಿಣ್ಣೂ ಇಲ್ಲ. ಆದರೆ ಎಚ್ಚರ ಬೇಕು. ಹಂದಿಯ ಕೊಬ್ಬನ್ನು ಹಳಬರು ಧಾರಾಳವಾಗಿ ಬಳಸುತ್ತಿದ್ದರು. ಮೆರ್ಜೆಲಿನಾ ತೀರದಲ್ಲಿ ಮಾರುವ ಮೆಣಸು-ಬಾದಾಮಿಯ ತರಾಲ್ಲಿ ಬಳೆಗಳಲ್ಲಿ ಅದು ಇದ್ದೇ ಇರುತ್ತದೆ. ರವೆ-ರಿಕೊತ್ತಾ ಹೂರಣ ತುಂಬಿದ ಸ್ಫೊಲ್ಯಾತೆಲ್ಲಾದ ಗರಿಪದರಗಳಿಗೂ ಅದನ್ನು ಹಚ್ಚುವ ಸಂಪ್ರದಾಯವಿದೆ. ‘ಸ್ತ್ರುತ್ತೊ ಇದೆಯೆ?’ ಎಂದು ಕೇಳುವುದಕ್ಕೆ ಸಂಕೋಚಪಡಬಾರದು.

ಇನ್ನೆರಡು ವ್ಯವಹಾರದ ಮಾತು. ಮಧ್ಯಾಹ್ನದ ಊಟ ಒಂದರಿಂದ ಮೂರರ ತನಕ. ರಾತ್ರಿಯದು ಎಂಟರ ಮೇಲೆ. ನಡುವೆ ಹಸಿವಾದರೆ ಫ್ರಿಜ್ಜಿತೊರಿಯಾ ಎಂಬ ಕರಿದ ತಿಂಡಿಯ ಅಂಗಡಿಯೇ ಗತಿ. ಪಿಞಸೆಕ್ಕಾ ಸಂತೆಯ ಕಡೆ ಅಂಥವು ಸಿಗುತ್ತವೆ. ಲೆಕ್ಕದ ಚೀಟಿಯಲ್ಲಿ ‘ಕೊಪೆರ್ತೊ’ ಎಂದು ತಲೆಗಿಷ್ಟೆಂದು ಸೇರಿಸಿದ್ದರೆ ಜಗಳಕ್ಕೆ ಹೋಗಬೇಡಿ. ಅದು ಕೂತ ಜಾಗಕ್ಕೆ ಅಲ್ಲಿ ರೂಢಿಯಲ್ಲಿರುವ ಸಣ್ಣ ಶುಲ್ಕ. ಕಾಫಿಯನ್ನು ಕಟ್ಟೆಯ ಮುಂದೆ ನಿಂತೇ ಕುಡಿಯಬೇಕು. ಕೂತರೆ ಬೆಲೆ ಏರುತ್ತದೆ.

ಇನ್ನು ನಾನು ಬಹುದಿನ ಉಂಡ ಜಾಗದ ವಿಷಯ. ಅಲ್ಲಿ ‘ತ್ರತ್ತೊರಿಯಾ’ ಎಂಬುದು ನಮ್ಮ ಖಾನಾವಳಿಗೆ ಸಮೀಪವಾದದ್ದು: ಮನೆಯವರೇ ಅಡುಗೆ, ಮನೆಯವರೇ ಬಡಿಸುವುದು, ದಿನಕ್ಕೆ ನಾಲ್ಕೈದು ಬಗೆ. ಸ್ಪ್ಯಾನಿಷ್ ಬಡಾವಣೆ ಎಂದು ಕರೆಯುವ ಇಕ್ಕಟ್ಟಾದ ಗಲ್ಲಿಗಳಲ್ಲಿ ಅಂಥ ಒಂದು ಖಾನಾವಳಿ ಸಿಕ್ಕಿತು. ಆರು ಮೇಜು, ತಿಂಡಿಪಟ್ಟಿ ಕೈಬರಹದ ಒಂದು ಹಾಳೆ. ಎರಡನೆಯ ದಿನಕ್ಕೇ ಅಡುಗೆಯ ತಾಯಿ ನನ್ನ ಪಾಲಿನ ಆಲೂಗೆಡ್ಡೆ-ಪಾಸ್ತಾವನ್ನು ಕೊಬ್ಬು ಹಾಕದೆ ಬೇರೆ ಪಾತ್ರೆಯಲ್ಲಿ ಮಾಡತೊಡಗಿದ್ದರು. ದಿನವೂ ಕಿಟಕಿಯ ಬಳಿ ಒಬ್ಬ ವೃದ್ಧರು ಕೂತು ಉಣ್ಣುತ್ತಿದ್ದರು. ಅವರು ಲೆಕ್ಕ ಕೇಳುತ್ತಿರಲಿಲ್ಲ. ಪಿಂಚಣಿ ಬಂದ ದಿನ ಎಲ್ಲ ಸೇರಿಸಿ ಕೊಡುತ್ತಿದ್ದರಂತೆ. ಒಂದು ದಿನ ಅವರು ಎದ್ದುಹೋಗುವಾಗ ಮನೆಯವರೆಲ್ಲ ಬಾಗಿಲ ತನಕ ಬಂದು ತಬ್ಬಿಕೊಂಡು ಬೀಳ್ಕೊಟ್ಟರು. ಇಂಗ್ಲಿಷ್ ಬಲ್ಲ ಮಗನನ್ನು ವಿಚಾರಿಸಿದೆ. ‘ಅವರ ಮನೆಯ ಯಜಮಾನರು ಮನೆಯನ್ನು ಪ್ರವಾಸಿಗಳಿಗೆ ದಿನಬಾಡಿಗೆಗೆ ಕೊಡುತ್ತಾರಂತೆ. ಇವರು ಊರಾಚೆಗೆ ಮಗಳ ಮನೆಗೆ ಹೋಗುತ್ತಿದ್ದಾರೆ. ಈ ಗಲ್ಲಿಯಲ್ಲಿ ಇದು ನಾಲ್ಕನೆಯ ಮನೆ. ಇಂಥವರೆಲ್ಲ ಹೋದಮೇಲೆ ನಾವೂ ಚಿತ್ರದ ತಿಂಡಿಪಟ್ಟಿ ಅಚ್ಚು ಹಾಕಿಸಬೇಕಾಗುತ್ತದೆ’ ಎಂದರು.

ನಾನು ಸುಮ್ಮನಾದೆ. ಏಕೆಂದರೆ ನಾನು ಇಳಿದುಕೊಂಡಿದ್ದ ಕೋಣೆಯೂ ಅಂಥದೇ ಒಂದು ದಿನಬಾಡಿಗೆಯ ಮನೆಯಾಗಿತ್ತು. ಒಳ್ಳೆಯ ಸಲಹೆ ಕೊಟ್ಟ ಆ ಮಹಿಳೆ ತನ್ನ ತಾಯಿಯ ಮನೆಯನ್ನು ನನ್ನಂಥವರಿಗೆ ಕೊಟ್ಟು ಜೀವನ ಸಾಗಿಸುತ್ತಿದ್ದರು, ಅವರನ್ನೂ ದೂರಲಾರೆ. ಊರಿನವರು ಉಣ್ಣುವಲ್ಲಿ ಉಣ್ಣಬೇಕೆಂದು ಹುಡುಕಿಕೊಂಡು ಹೋದವನು ಆ ಊರಿನವರೊಬ್ಬರ ಜಾಗದಲ್ಲಿ ಮಲಗಿದ್ದೆ. ಪ್ರಸಿದ್ಧವಾದ ಅಂಗಡಿಗಳ ಹೆಸರನ್ನು ಈಗಾಗಲೇ ಹೇಳಿದ್ದೇನೆ. ಅವಕ್ಕೆ ನನ್ನ ಮಾತಿನಿಂದ ಲಾಭನಷ್ಟವಿಲ್ಲ. ಈ ಖಾನಾವಳಿಯ ಹೆಸರನ್ನು ಮಾತ್ರ ಹೇಳುವುದಿಲ್ಲ, ಕೇಳುಗರು ಮನ್ನಿಸಬೇಕು. ಅಲ್ಲಿಗೆ ಹೋಗುವವರು ಅಂಥದೊಂದನ್ನು ತಾವೇ ಕಾಲ್ನಡೆಯಲ್ಲಿ ಹುಡುಕಿಕೊಳ್ಳಲಿ. ಸಾಧ್ಯವಾದರೆ ಮನೆಗಳಲ್ಲಿ ಇಳಿಯದೆ, ಹೋಟೆಲಿನಲ್ಲಿಯೇ ಇಳಿದುಕೊಳ್ಳಲಿ.

ಕೊನೆಗೊಂದು ಮಾತು. ನೇಪಲ್ಸಿನಲ್ಲಿ ‘ಕಾಫೆ ಸೊಸ್ಪೇಸೊ’ ಎಂಬ ಹಳೆಯ ಪದ್ಧತಿಯಿದೆ: ಒಂದು ಕಾಫಿ ಕುಡಿದು ಎರಡಕ್ಕೆ ಹಣ ಕೊಡುವುದು. ಎರಡನೆಯದು ಕೈಯಲ್ಲಿ ಕಾಸಿಲ್ಲದ ಯಾರಾದರೂ ಬಂದು ಕೇಳುವ ತನಕ ಅಲ್ಲಿ ‘ತೂಗಾಡುತ್ತಿರುತ್ತದೆ’. ಕೊಟ್ಟವರು ಕುಡಿದವರನ್ನು ನೋಡುವುದಿಲ್ಲ. ಕುಡಿದವರು ಯಾರಿಗೂ ಕೈಮುಗಿಯಬೇಕಾಗಿಲ್ಲ. 1860ರಲ್ಲಿ ಸ್ಥಾಪಿತವಾದ ಗಂಬ್ರಿನುಸ್ ಎಂಬ ವೈಭವದ ಕಾಫಿಮಂದಿರದಲ್ಲಿಯೂ ಇದು ನಡೆಯುತ್ತದೆ. ಸಾನಿತಾ ಬಡಾವಣೆಯಲ್ಲಿ ಪೀಟ್ಜಾವನ್ನೂ ಹೀಗೆ ತೂಗುಹಾಕುವವರಿದ್ದಾರೆ. ಹೊರಡುವ ದಿನ ಬೆಳಿಗ್ಗೆ ಖಾನಾವಳಿಯ ಎದುರಿನ ಸಣ್ಣ ಕಾಫಿಯಂಗಡಿಯಲ್ಲಿ ಹನ್ನೆರಡು ಕಾಫಿಗಳಿಗೆ ಹಣ ಕೊಟ್ಟೆ, ನಾನು ಆ ಊರಿನಲ್ಲಿ ಕಳೆದ ದಿನಕ್ಕೊಂದರಂತೆ. ಅಂಗಡಿಯವರು ಆಶ್ಚರ್ಯಪಡಲಿಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಅಂಕಿಯನ್ನು ಅಳಿಸಿ, ಹನ್ನೆರಡು ಕೂಡಿಸಿ ಬರೆದು, ಮುಂದಿನ ಗಿರಾಕಿಯ ಕಡೆಗೆ ತಿರುಗಿದರು.