ಟ್ರ್ಯಾಕ್ಟರ್ ಎಣ್ಣೆಯಲ್ಲಿ ನೊರೆ: ಅಪ್ಪನನ್ನು ಯಾರೂ ಕೇಳಿರಲಿಲ್ಲ

ಬೆಳಿಗ್ಗೆ ಆರೂಕಾಲಿಗೆ ಅಪ್ಪನ ವಾಟ್ಸ್‌ಆ್ಯಪ್ ಬಂತು. ಆ ಹೊತ್ತಿಗೆ ಸಾಮಾನ್ಯವಾಗಿ ಬರೋದು ದೇವರ ಪಟ, ಜೊತೆಗೊಂದು ಶುಭೋದಯ. ಅವತ್ತು ಬಂದಿದ್ದು ನಮ್ಮ ಮಿನಿ ಟ್ರ್ಯಾಕ್ಟರ್‌ನ ಆಯಿಲ್ ಹಾಕುವ ಬಾಯಿಯ ಫೋಟೊ. ಒಳಗೆ ಬಿಳಿ ನೊರೆ ಉಕ್ಕಿ ನಿಂತಿತ್ತು. ಹಸು ಕರೆದ ತಕ್ಷಣ ಪಾತ್ರೆ ಮೇಲೆ ನಿಲ್ಲುತ್ತಲ್ಲ, ಥೇಟ್ ಹಾಗೆ. ಕೆಳಗೊಂದು ವಾಯ್ಸ್ ಮೆಸೇಜ್: "ಏನ್ಲಾ ಮಗ ಇದು? ಲಿಫ್ಟು ಸರ್ಯಾಗಿ ಏಳ್ತಾನೇ ಇಲ್ಲ. ಎದ್ರೂ ನಡುಗ್ತದೆ."

ನಮ್ಮದು ಹುಣಸೂರು ತಾಲ್ಲೂಕು. ಆಗ ಏಪ್ರಿಲ್ ಕೊನೆ. ಎರಡು ಹದ ಮಳೆ ಆಗಿತ್ತು. ಮಡಿಯಲ್ಲಿ ಹೊಗೆಸೊಪ್ಪಿನ ಸಸಿ ನಾಟಿಗೆ ಬಂದು ನಿಂತಿತ್ತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ಈ ಹದಿನೈದು ದಿನದ ಬೆಲೆ ಹೇಳಿಕೊಡಬೇಕಾಗಿಲ್ಲ. ನೆಲದಲ್ಲಿ ತೇವ ಇರುವಾಗಲೇ ಉತ್ತು, ಸಾಲು ಎಳೆದು, ಸಸಿ ಕೂರಿಸಬೇಕು. ತಡವಾದರೆ ಮಡಿಯಲ್ಲೇ ಸಸಿ ಬಲಿತುಹೋಗುತ್ತೆ. ಬಾಡಿಗೆ ಟ್ರ್ಯಾಕ್ಟರ್ ಕೇಳೋಣ ಅಂದ್ರೆ, ಆ ವಾರ ಎಲ್ಲರ ಟ್ರ್ಯಾಕ್ಟರೂ ಅವರವರ ಹೊಲದಲ್ಲೇ ಇರುತ್ತೆ.

ಮೆಕ್ಯಾನಿಕ್ ಬಂದು ನೋಡಿ ಒಂದೇ ಮಾತು ಹೇಳಿದ್ದರು: "ಪಂಪ್ ಹೋಗಿದೆ. ಹದಿನೆಂಟು ಸಾವಿರ ಆಗುತ್ತೆ."

ಮೊದಲ ತಪ್ಪು ನನ್ನದೇ

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ದಿನವಿಡೀ ಬೇರೆಯವರು ಬರೆದ ಕೋಡ್‌ನಲ್ಲಿ ತಪ್ಪು ಹುಡುಕೋದೇ ನನ್ನ ಸಂಬಳದ ಕೆಲಸ. ಅದೇ ಧೈರ್ಯದಲ್ಲಿ ಫೋಟೊ ನೋಡಿದ ಎರಡೇ ನಿಮಿಷಕ್ಕೆ ತೀರ್ಪು ಕೊಟ್ಟೆ: "ಅಪ್ಪ, ಎಣ್ಣೆಗೆ ನೀರು ಸೇರಿದೆ. ಎಲ್ಲ ಸೋರಿಸಿ ಹೊಸದು ಹಾಕ್ಸಿ."

ಹಾಗನ್ನಿಸಲು ಕಾರಣ ಇತ್ತು. ಹಿಂದಿನ ವರ್ಷ ಕೆ.ಆರ್. ನಗರದಲ್ಲಿ ಅಕ್ಕನ ಮನೆಯ ಟ್ರ್ಯಾಕ್ಟರ್‌ಗೆ ನೀರು ಸೇರಿ ಎಣ್ಣೆ ಬೆಳ್ಳಗಾಗಿತ್ತು. ಬಿಳಿ ಕಂಡರೆ ನೀರು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಅಪ್ಪ ಮಗನ ಮಾತು ನಂಬಿದರು. 20 ಲೀಟರ್ ಹೊಸ ಎಣ್ಣೆ, ಐದು ಸಾವಿರದ ಚಿಲ್ಲರೆ ಖರ್ಚು. ಅರ್ಧ ಗಂಟೆ ಓಡಿಸಿದ ಮೇಲೆ ಮತ್ತೆ ಫೋಟೊ ಬಂತು. ಅದೇ ನೊರೆ.

ಶುಕ್ರವಾರ ರಾತ್ರಿಯ ಬಸ್ ಹಿಡಿದೆ.

ನೊರೆ ಬೇರೆ, ಹಾಲು ಬೇರೆ

ಬಸ್ಸಿನಲ್ಲಿ ಕೂತು ಟ್ರ್ಯಾಕ್ಟರ್ ಮ್ಯಾನ್ಯುಯಲ್‌ನ ಪಿಡಿಎಫ್ ಓದಿದೆ. ಮೊದಲೇ ಓದಬೇಕಿತ್ತು. ನಮ್ಮ ಕಡೆ ಓಡುವ ಬಹಳಷ್ಟು ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಗೇರ್‌ಬಾಕ್ಸ್‌ಗೂ ಹಿಂದಿನ ಲಿಫ್ಟ್‌ಗೂ ಒಂದೇ ಎಣ್ಣೆ. ಗೇರ್‌ಗಳು ಅದ್ದಿಕೊಂಡು ತಿರುಗುವ ಆ ಎಣ್ಣೆಯನ್ನೇ ಒಂದು ಪಂಪ್ ಫಿಲ್ಟರ್ ಮೂಲಕ ಎಳೆದು, ಒತ್ತಿ, ಲಿಫ್ಟ್‌ನ ಸಿಲಿಂಡರ್‌ಗೆ ತಳ್ಳುತ್ತದೆ. ಕಲ್ಟಿವೇಟರ್, ರೋಟವೇಟರ್ ಮೇಲೇಳುವುದು ಹೀಗೆ. ಮೂರು ಕೊಂಡಿಯ ಈ ಲಿಫ್ಟ್‌ನ ಹಿಂದಿರುವ ಹೆಸರು ಐರ್ಲೆಂಡಿನ ಹ್ಯಾರಿ ಫರ್ಗುಸನ್ ಅವರದು. 1939ರಲ್ಲಿ ಅದು ಫೋರ್ಡ್ ಕಂಪನಿಯ ಟ್ರ್ಯಾಕ್ಟರ್‌ನಲ್ಲಿ ಬಂತು. ಇವತ್ತು ಪಿರಿಯಾಪಟ್ಟಣದ ಶುಂಠಿ ಹೊಲದಲ್ಲಿ ಓಡಾಡುವ ಮಿನಿ ಟ್ರ್ಯಾಕ್ಟರ್‌ನಲ್ಲೂ ತತ್ವ ಅದೇ.

ಇದೆಲ್ಲ ನಡೆಯೋದು ಎಣ್ಣೆ ಅದುಮಿದರೂ ಕುಗ್ಗುವುದಿಲ್ಲ ಅನ್ನುವ ಒಂದೇ ಗುಣದಿಂದ. ಗಾಳಿ ಹಾಗಲ್ಲ, ಅದುಮಿದರೆ ಕುಗ್ಗುತ್ತೆ. ಎಣ್ಣೆಯಲ್ಲಿ ಗುಳ್ಳೆ ಸೇರಿದರೆ ಪಂಪಿನ ಶಕ್ತಿ ಗುಳ್ಳೆ ಹಿಚುಕೋದರಲ್ಲೇ ಕಳೆದುಹೋಗುತ್ತೆ. ಅದಕ್ಕೇ ಲಿಫ್ಟ್ ನಡುಗೋದು, ನಿಧಾನವಾಗೋದು, ಪಂಪ್ ಕುಂಯ್‌ಗುಟ್ಟೋದು. ಸಣ್ಣ ಟ್ರ್ಯಾಕ್ಟರ್‌ನಲ್ಲೂ ಈ ಒತ್ತಡ 100 ಬಾರ್ ದಾಟುತ್ತೆ. ಕಾರಿನ ಟೈರ್‌ನಲ್ಲಿರೋದು 2 ಬಾರ್ ಆಸುಪಾಸು. ಅಷ್ಟು ಒತ್ತಡದಲ್ಲಿ ಗುಳ್ಳೆಗಳು ಒಡೆದಾಗ ಎಣ್ಣೆ ಬಿಸಿಯಾಗುತ್ತೆ, ಪಂಪಿನ ಒಳಮೈ ಕಿತ್ತುಬರುತ್ತೆ. ಅಂದರೆ ಪಂಪ್ ಹಾಳಾಗಿ ನೊರೆ ಬರೋದಕ್ಕಿಂತ, ನೊರೆಯನ್ನ ಹಾಗೇ ಬಿಟ್ಟು ಪಂಪ್ ಹಾಳಾಗೋದೇ ಹೆಚ್ಚು. ನೊರೆಯ ಕಾರಣ ಹಿಡಿಯದೆ ಹೊಸ ಪಂಪ್ ಹಾಕಿದ್ದರೆ ಅದೂ ಸ್ವಲ್ಪ ದಿನದಲ್ಲಿ ಅದೇ ದಾರಿ ಹಿಡಿಯುತ್ತಿತ್ತು.

ಶನಿವಾರ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸಕ್ಕೆ ಒಂದು ಪೈಸೆ ಖರ್ಚಿಲ್ಲ. ಟ್ರ್ಯಾಕ್ಟರ್ ಹತ್ತು ನಿಮಿಷ ಓಡಿಸಿ, ಲಿಫ್ಟ್ ನಾಲ್ಕೈದು ಸಲ ಏರಿಸಿ ಇಳಿಸಿ, ಎಂಜಿನ್ ಆಫ್ ಮಾಡಿ, ಒಂದು ಗಾಜಿನ ಬಾಟಲಿಗೆ ಸ್ವಲ್ಪ ಎಣ್ಣೆ ತೆಗೆದು ಜಗಲಿ ಮೇಲಿಟ್ಟೆ. ಅಮ್ಮ ಕೊಟ್ಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನೊರೆ ಮೇಲಕ್ಕೆ ಬರುತ್ತಿತ್ತು. ಅರ್ಧ ಗಂಟೆಗೆ ಎಣ್ಣೆ ತಿಳಿಯಾಯಿತು, ಜೇನಿನ ಬಣ್ಣ. ತಳದಲ್ಲಿ ನೀರಿಲ್ಲ.

ವ್ಯತ್ಯಾಸ ಇಲ್ಲೇ ಇರೋದು. ಗಾಳಿ ಸೇರಿದ ಎಣ್ಣೆ ಸುಮ್ಮನೆ ಇಟ್ಟರೆ ತಿಳಿಯಾಗುತ್ತೆ. ನೀರು ಸೇರಿದ್ದು ಹಾಲು ಹಾಕಿದ ಕಾಫಿಯ ಹಾಗೆ ಮಂಕಾಗೇ ಇರುತ್ತೆ. ರಾತ್ರಿಯೆಲ್ಲ ಇಟ್ಟರೆ ಕೆಲವೊಮ್ಮೆ ತಳದಲ್ಲಿ ನೀರು ನಿಲ್ಲುತ್ತೆ. ಇನ್ನೂ ಅನುಮಾನ ಇದ್ದರೆ, ಬಿಸಿ ಮಾಡಿದ ಹಳೇ ತವಾದ ಮೇಲೆ ಒಂದೇ ಒಂದು ಹನಿ ಬಿಟ್ಟು ದೂರ ನಿಲ್ಲಿ. ನೀರಿದ್ದರೆ ಒಗ್ಗರಣೆಯ ಹಾಗೆ ಚಟಪಟ ಅನ್ನುತ್ತೆ. ನಾನು ಫೋನಿನಲ್ಲೇ "ಒಂದು ಬಾಟಲಿಗೆ ತೆಗೆದಿಡಿ ಅಪ್ಪ" ಅಂದಿದ್ದರೆ ಐದು ಸಾವಿರ ಉಳಿಯುತ್ತಿತ್ತು.

"ನೀವ್ ಯಾರ್ ಕೇಳಿದ್ರಿ?"

ಸರಿ, ಗಾಳಿ. ಎಲ್ಲಿಂದ? ಟ್ರ್ಯಾಕ್ಟರ್ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಲಿಫ್ಟ್ ಪೂರ್ತಿ ಇಳಿಸಿ, ಆಯಿಲ್ ಕಡ್ಡಿ ನೋಡಿದೆ. ಮಟ್ಟ ಸರಿಯಾಗಿತ್ತು. ಡಬ್ಬದ ಮೇಲಿನ ಗ್ರೇಡ್ ನೋಡಿದೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ್ದೇ. ಇನ್ನೇನು?

ಆಫೀಸಿನಲ್ಲಿ ಏನಾದರೂ ಕೈಕೊಟ್ಟಾಗ ನಾವು ಮೊದಲು ಕೇಳೋ ಪ್ರಶ್ನೆ ಒಂದೇ: ಕೊನೆಗೆ ಏನು ಬದಲಾಯಿಸಿದ್ರಿ? ಅದನ್ನ ಆವರೆಗೂ ಅಪ್ಪನನ್ನು ಕೇಳಿರಲೇ ಇಲ್ಲ.

"ಅಪ್ಪ, ಇದು ಯಾವತ್ತಿಂದ ಹೀಗೆ?"

"ಸರ್ವಿಸ್ ಮಾಡ್ಸಿದ್ ಮಾರನೇ ದಿನದಿಂದ್ಲೇ ಕುಂಯ್ ಅಂತಿತ್ತು ಕಣ್ಲಾ. ಆ ಫಿಲ್ಟರ್ ಬಿಚ್ಚಿ ಹಾಕಿದ್ರಲ್ಲ, ಆವತ್ತಿಂದ."

"ಮತ್ತೆ ಹೇಳೋದಲ್ವಾ?"

"ನೀವ್ ಯಾರ್ ಕೇಳಿದ್ರಿ? ಅವನು ಬಂದು ಪಂಪ್ ಅಂದ. ನೀನು ಫೋನಲ್ಲೇ ನೀರು ಅಂದೆ."

ನನಗೆ ಮಾತೇ ಹೊರಡಲಿಲ್ಲ. ಇಪ್ಪತ್ತೈದು ವರ್ಷ ಎತ್ತು, ಆಮೇಲೆ ಟ್ರ್ಯಾಕ್ಟರ್ ಹೊಡೆದ ಮನುಷ್ಯನ ಕಿವಿಯಲ್ಲಿ ಉತ್ತರ ಹದಿನೈದು ದಿನದಿಂದ ಕೂತಿತ್ತು.

ಹೊರಗೆ ತೊಟ್ಟಿಕ್ಕದ ಸೋರಿಕೆ

ಎಳನೀರು ಕುಡಿಯುವಾಗ ಸ್ಟ್ರಾದಲ್ಲಿ ಸಣ್ಣ ಸೀಳು ಇದ್ದರೆ ಏನಾಗುತ್ತೆ? ಎಳನೀರು ಹೊರಗೆ ಚೆಲ್ಲಲ್ಲ. ಬಾಯಿಗೆ ಬರೀ ಸೊರ ಸೊರ ಗಾಳಿ. ಪಂಪಿಗೂ ಎಣ್ಣೆ ಎಳೆಯುವ ಕಡೆಯ ಪೈಪ್, ಫಿಲ್ಟರ್, ಜೋಡಣೆಗಳು ಸ್ಟ್ರಾ ಇದ್ದ ಹಾಗೆ. ಅಲ್ಲಿ ಸಂದು ಬಿಟ್ಟರೆ ಎಂಜಿನ್ ಓಡುವಾಗ ಎಣ್ಣೆ ಹೊರಗೆ ಬರೋದಿಲ್ಲ, ಗಾಳಿ ಒಳಗೆ ಹೋಗುತ್ತೆ. ನಿಂತಾಗ ಹೆಚ್ಚೆಂದರೆ ಒಂಚೂರು ಜಿಡ್ಡು ಕಾಣಬಹುದು. ಅದಕ್ಕೇ "ಎಲ್ಲೂ ಲೀಕ್ ಇಲ್ಲ" ಅಂತ ಎಲ್ಲರೂ ಹೇಳೋದು.

ಹುಡುಕೋ ಉಪಾಯ ಸುಲಭ. ಎಂಜಿನ್ ಆಫ್ ಮಾಡಿ, ಎಳೆಯುವ ಕಡೆಯ ಒಂದು ಜೋಡಣೆ ಸುತ್ತ ದಪ್ಪಗೆ ಗ್ರೀಸ್ ಮೆತ್ತಬೇಕು. ಸ್ಟಾರ್ಟ್ ಮಾಡಿ ಕೇಳಬೇಕು. ಸದ್ದು ತಗ್ಗಿದರೆ ಕಳ್ಳ ಅಲ್ಲೇ. ಇಲ್ಲದಿದ್ದರೆ ಮುಂದಿನ ಜೋಡಣೆ. ಒಂದು ಸಲಕ್ಕೆ ಒಂದೇ. ನಾಲ್ಕೂ ಕಡೆ ಒಟ್ಟಿಗೆ ಮೆತ್ತಿದರೆ ಯಾವುದು ಅಂತ ಗೊತ್ತಾಗಲ್ಲ. ಅಪ್ಪ ಹೇಳಿದ್ದು ಫಿಲ್ಟರ್ ತಾನೆ, ನಾವು ಅಲ್ಲಿಂದಲೇ ಶುರು ಮಾಡಿದೆವು. ಕುಂಯ್ ಅನ್ನೋದು ತಟ್ಟನೆ ತಗ್ಗಿತು.

ಬಿಚ್ಚಿ ನೋಡಿದರೆ ಫಿಲ್ಟರ್ ಹೊಸದು, ಆದರೆ ಓ-ರಿಂಗ್ ಹಳೆಯದು. ಬಿಸಿಗೆ ಗಟ್ಟಿಯಾಗಿ, ಒಂದು ಬದಿ ಚಪ್ಪಟೆಯಾಗಿ, ಕಡ್ಡಿಯ ಹಾಗಾಗಿತ್ತು. ಹುಣಸೂರು ಪೇಟೆಗೆ ಹೋಗಿ ಅದೇ ಅಳತೆಯ, ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್‌ನ ರಿಂಗ್ ತಂದೆ. ನಲವತ್ತು ರೂಪಾಯಿ. ಸಾದಾ ರಬ್ಬರ್ ರಿಂಗ್ ಹಾಕಿದರೆ ಈ ಎಣ್ಣೆಯಲ್ಲಿ ಊದಿಕೊಂಡು ಹಾಳಾಗುತ್ತೆ. ರಿಂಗಿಗೆ ಸ್ವಲ್ಪ ಎಣ್ಣೆ ಸವರಿ, ತಿರುಚದ ಹಾಗೆ ಕೂರಿಸಿ, ಲಿಫ್ಟನ್ನು ಹತ್ತು ಹದಿನೈದು ಸಲ ನಿಧಾನವಾಗಿ ಏರಿಸಿ ಇಳಿಸಿದೆವು, ಒಳಗಿದ್ದ ಗಾಳಿ ಹೋಗಲಿ ಅಂತ. ಸಂಜೆ ಹೊತ್ತಿಗೆ ಕಲ್ಟಿವೇಟರ್ ನಡುಕ ಇಲ್ಲದೆ ಎದ್ದಿತು. ಭಾನುವಾರ ಬೆಳಿಗ್ಗೆ ಹೊಲಕ್ಕೆ ಇಳಿಯಿತು.

ನಿಮ್ಮ ಮನೆಯ ಟ್ರ್ಯಾಕ್ಟರ್‌ಗೆ

ಎಲ್ಲರ ಮನೆಯದೂ ಓ-ರಿಂಗ್ ಆಗಿರಬೇಕಿಲ್ಲ. ಕಾರಣ ಊರಿನ ನೆಲದ ಮೇಲೂ ಕೆಲಸದ ಮೇಲೂ ಹೋಗುತ್ತೆ.

ಕೆ.ಆರ್. ನಗರದ ನಾಲೆ ಬಯಲಲ್ಲಿ ಗದ್ದೆ ಕೆಸರು ಮಾಡೋರು ಮೊದಲು ನೀರನ್ನೇ ಅನುಮಾನಿಸಬೇಕು. ಬಿಸಿಯಾದ ಟ್ರ್ಯಾಕ್ಟರ್ ತಣ್ಣನೆ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ. ಉಸಿರಾಡುವ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ, ಸವೆದ ಆಕ್ಸಲ್ ಸೀಲ್ ಸಂದಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತೆ. ಭಾವನ ಟ್ರ್ಯಾಕ್ಟರ್‌ಗೆ ಆಗಿದ್ದು ಇದೇ. ಅಲ್ಲಿ ಸೀಲ್ ಬದಲಾಯಿಸದೆ ಎಣ್ಣೆ ಮಾತ್ರ ಬದಲಾಯಿಸಿ ಪ್ರಯೋಜನ ಇಲ್ಲ.

ಎಚ್.ಡಿ. ಕೋಟೆ ಕಡೆಯ ಏರು-ತಗ್ಗಿನ ಹೊಲ ಇದ್ದವರು ಎಣ್ಣೆ ಮಟ್ಟ ನೋಡಿ. ಮಟ್ಟ ಸ್ವಲ್ಪ ಕಡಿಮೆ ಇದ್ದರೂ ಇಳಿಜಾರಲ್ಲಿ ಎಣ್ಣೆ ಒಂದು ಕಡೆ ಸರಿದು ಪಂಪ್ ಗಾಳಿ ಎಳೆಯುತ್ತೆ. ಹಾಗಂತ ಜಾಸ್ತಿ ಹಾಕಿದರೂ ಗೇರ್‌ಗಳು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತವೆ.

ಗೊಬ್ಬರ, ಮಣ್ಣು ಹೊಡೆಯಲು ಪಕ್ಕದವರ ಟಿಪ್ಪಿಂಗ್ ಟ್ರೈಲರ್ ತರೋರು ಇನ್ನೊಂದು ಗಮನಿಸಿ. ಅದರ ಜಾಕ್ ಏಳೋದು ನಿಮ್ಮ ಟ್ರ್ಯಾಕ್ಟರ್ ಎಣ್ಣೆಯಿಂದಲೇ. ಜಾಕ್ ಎದ್ದಷ್ಟು ಹೊತ್ತು ಒಳಗಿನ ಮಟ್ಟ ಇಳಿದಿರುತ್ತೆ. ಟ್ರೈಲರ್ ಬಿಚ್ಚುವಾಗ ಒಂದಿಷ್ಟು ಎಣ್ಣೆ ಅದರಲ್ಲೇ ಉಳಿಯುತ್ತೆ. ಅದರಲ್ಲಿದ್ದ ಬೇರೆ ಎಣ್ಣೆ, ಕೊಳೆ ನಿಮ್ಮದಕ್ಕೆ ಬರುತ್ತೆ. ಕಡಿಮೆಯಾಯ್ತು ಅಂತ ಮನೆಯಲ್ಲಿದ್ದ ಎಂಜಿನ್ ಆಯಿಲ್ ಸುರಿಯಬೇಡಿ.

ಎರಡು ಎಚ್ಚರಿಕೆ. ಪಂಪಿನಿಂದ ಆಚೆಯ, ಒತ್ತಡದ ಕಡೆಯ ಪೈಪ್‌ಗಳಲ್ಲಿ ಸೋರಿಕೆಯನ್ನು ಬೆರಳಿಂದ ಹುಡುಕಬೇಡಿ. ಸೂಜಿಯಷ್ಟು ಸಣ್ಣ ಧಾರೆ ಚರ್ಮ ತೂರಿ ಒಳಗೆ ಹೋಗುತ್ತೆ. ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಏರಿಸಿ ನಿಲ್ಲಿಸಿದ ಕಲ್ಟಿವೇಟರ್ ಕೆಳಗೆ ತಲೆ ಹಾಕೋದೂ ಬೇಡ, ಗಟ್ಟಿ ದಿಮ್ಮಿ ಕೊಟ್ಟ ಹೊರತು. ಸೋರಿಸಿದ ಹಳೇ ಎಣ್ಣೆ ಹಳ್ಳಕ್ಕೆ ಚೆಲ್ಲಬೇಡಿ. ನಮ್ಮ ಕಡೆ ಹಳ್ಳದ ನೀರು ಹೋಗೋದು ಲಕ್ಷ್ಮಣತೀರ್ಥಕ್ಕೆ, ಅಲ್ಲಿಂದ ಕಾವೇರಿಗೆ.

ಊರು ಬಿಟ್ಟು ಬಂದಿರೋ ನನ್ನಂಥವರಿಗೆ ಊರಿಂದ ಹೀಗೊಂದು ಫೋಟೊ ಬಂದರೆ, ಉತ್ತರ ಕೊಡೋ ಮುಂಚೆ ಮೂರು ಪ್ರಶ್ನೆ ಕೇಳಿ: ಯಾವತ್ತಿಂದ? ಅದಕ್ಕೆ ಮುಂಚೆ ಏನು ಮಾಡ್ಸಿದ್ರಿ? ಬಾಟಲಿಯಲ್ಲಿಟ್ಟರೆ ತಿಳಿಯಾಗುತ್ತಾ?

ಭಾನುವಾರ ಸಂಜೆ ನಾನು ಹೊರಟಾಗ ಅಪ್ಪ ಆ ಹಳೇ ಓ-ರಿಂಗನ್ನು ಟೂಲ್ ಬಾಕ್ಸ್ ಒಳಗೆ ಒಂದು ಮೊಳೆಗೆ ನೇತು ಹಾಕುತ್ತಿದ್ದರು. ಇಟ್ಕೊಂಡು ಏನು ಮಾಡ್ತೀರಿ ಅಂದೆ. "ಮುಂದಿನ ಸರ್ವಿಸ್‌ಗೆ ಬರ್ತಾನಲ್ಲ, ತೋರ್ಸೋಕೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಂಗೂ ಬೇಕಾದ್ರೆ ಒಂದ್ ತಗೊಂಡು ಹೋಗು" ಅಂತ ನಕ್ಕರು.